ನಮ್ಮ ಕೈಯ ಉಪಕರಣಗಳು

ಉಗುರು ಕೆರೆಯಬಲ್ಲುದು, ಹಲ್ಲು ಕಡಿಯಬಲ್ಲುದು, ಮುಷ್ಟಿ ಗುದ್ದಬಲ್ಲುದು. ಆದರೆ ಉಗುರಿನಿಂದ ತೇಗದ ಹಲಗೆಯನ್ನು ಕೆತ್ತಲಾಗದು; ಹಲ್ಲಿನಿಂದ ದಿಮ್ಮಿಯನ್ನು ಕೊಯ್ಯಲಾಗದು; ಮುಷ್ಟಿಯಿಂದ ಮೊಳೆಯನ್ನು ಬಡಿಯಲಾಗದು. ದೇಹಕ್ಕಿರುವ ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಮನುಷ್ಯನು ಉಳಿಯನ್ನೂ ಗರಗಸವನ್ನೂ ಸುತ್ತಿಗೆಯನ್ನೂ ಮಾಡಿಕೊಂಡನು. ಈ ದೃಷ್ಟಿಯಿಂದ ನೋಡಿದರೆ ಉಪಕರಣವೆಂಬುದು ಕೈಯ ಹೊರಗಿನ ವಸ್ತುವಲ್ಲ. ಅದು ಕೈಯೇ ಮುಂದಕ್ಕೆ ಬೆಳೆದುದರ ಫಲ.

ಕೈಯ ಭಾಗವೇ ಆದರೂ ಉಪಕರಣವು ಕೈಗಿಂತ ಹೆಚ್ಚು ಕಾಲ ಬಾಳುತ್ತದೆ. ನಮ್ಮ ನಗರದ ಅನೇಕ ಮನೆಗಳ ಅಟ್ಟದ ಮೇಲೆ, ಇಲ್ಲವೇ ಮಂಚದ ಕೆಳಗೆ, ಅಜ್ಜನ ಕಾಲದ ಮರದ ಪೆಟ್ಟಿಗೆಯೊಂದು ಇರುವುದುಂಟು. ಅದರಲ್ಲಿ ಎರಡು ಉಳಿ, ಒಂದು ಅರ, ಹಿಡಿ ಸಡಿಲಿದ ಸುತ್ತಿಗೆ, ತುಕ್ಕು ಹಿಡಿದ ಗರಗಸ ಇರುತ್ತವೆ. ಮನೆ ಬದಲಾಯಿಸುವಾಗ ಅದು ಹಳೆಯ ಕಬ್ಬಿಣ ಕೊಳ್ಳುವವನ ತಕ್ಕಡಿಗೆ ಹೋಗುತ್ತದೆ. ಕಬ್ಬಿಣಕ್ಕೆ ತೂಕದ ಲೆಕ್ಕದಲ್ಲಿ ಬೆಲೆ ಬರುತ್ತದೆ. ಆದರೆ ಆ ಕಬ್ಬಿಣದೊಡನೆ ಮನೆಯಿಂದ ಹೊರಗೆ ಹೋದುದು ಇನ್ನೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಪಲ್ಲಾವರದ ಕಲ್ಲು

ಉಪಕರಣಗಳ ಕಥೆಯನ್ನು ಕೇಳಲು ನಮ್ಮ ನಗರದವರು ದೂರ ಹೋಗಬೇಕಾಗಿಲ್ಲ. 1863ರ ಮೇ 30ರಂದು ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫುಟ್ ಎಂಬವರು ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರದಲ್ಲಿ, ಮುರಕಲ್ಲಿನ ಗರಸು ತೆಗೆಯುವ ಗುಂಡಿಯೊಂದರಲ್ಲಿ, ಒಂದು ಕಲ್ಲನ್ನು ಕಂಡರು. ಅದು ಮಳೆನೀರಿನಲ್ಲಿ ಉರುಳಿ ಸವೆದ ಕಲ್ಲಾಗಿರಲಿಲ್ಲ. ಅದರ ಎರಡು ಮುಖಗಳಿಂದಲೂ ಚಕ್ಕೆಗಳನ್ನು ಎಬ್ಬಿಸಿ, ಒಂದು ಕೊನೆಯನ್ನು ಹರಿತವಾಗಿಯೂ ಇನ್ನೊಂದು ಕೊನೆಯನ್ನು ಅಂಗೈಯಲ್ಲಿ ಕೂರುವಂತೆಯೂ ಯಾರೋ ಮಾಡಿದ್ದರು. ಅದು ಹಳೆಯ ಶಿಲಾಯುಗದ ಕೈಗೊಡಲಿ. ಭಾರತದಲ್ಲಿ ಹಳೆಯ ಶಿಲಾಯುಗದ ಉಪಕರಣವೆಂದು ಗುರುತಿಸಲ್ಪಟ್ಟ ಮೊದಲ ಕಲ್ಲುಗಳಲ್ಲಿ ಅದಕ್ಕೆ ಅಗ್ರಸ್ಥಾನವುಂಟು.

ಅದೇ ವರ್ಷ ಫುಟ್ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಈಗಿನ ತಿರುವಳ್ಳೂರು ಜಿಲ್ಲೆಯ ಅತ್ತಿರಂಪಾಕ್ಕಂ ಎಂಬಲ್ಲಿ ಇಂತಹ ಕಲ್ಲುಗಳನ್ನು ಇನ್ನೂ ಹೆಚ್ಚಾಗಿ ಕಂಡರು. ಅಲ್ಲಿ ಈಚೆಗೆ ನಡೆದ ಉತ್ಖನನಗಳ ಫಲವಾಗಿ, ಅಲ್ಲಿಯ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಬೆಣಚುಕಲ್ಲನ್ನು ಎಲ್ಲಿ ಹೊಡೆದರೆ ಎಷ್ಟು ದೊಡ್ಡ ಚಕ್ಕೆ ಏಳುವುದು ಎಂಬುದನ್ನು ಅರಿತ ಕೈಗಳು ಅಷ್ಟು ಹಿಂದೆಯೇ ಈ ನೆಲದ ಮೇಲೆ ಇದ್ದುವು. ಅವರ ಭಾಷೆ ನಮಗೆ ತಿಳಿಯದು, ಹೆಸರುಗಳು ತಿಳಿಯವು, ಅವರ ಕೈಯ ಅಳತೆ ಮಾತ್ರ ಆ ಕಲ್ಲಿನಲ್ಲಿ ಉಳಿದುಕೊಂಡಿದೆ.

ಫುಟ್ ಅವರ ಸರ್ಕಾರಿ ಕೆಲಸವು ಬಂಡೆಗಳ ಪರೀಕ್ಷೆ. ಪ್ರಾಚೀನ ಉಪಕರಣಗಳ ಸಂಗ್ರಹವು ಅವರು ಆ ಕೆಲಸದ ನಡುವೆ ಬೆಳೆಸಿಕೊಂಡ ಹವ್ಯಾಸ. ನಾಲ್ಕು ದಶಕಗಳ ಕಾಲ ಅವರು ಅದನ್ನು ಬಿಡಲಿಲ್ಲ. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಅವರು ಹೊಸ ಶಿಲಾಯುಗದ ಅನೇಕ ನೆಲೆಗಳನ್ನು ಗುರುತಿಸಿದರು. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಅವುಗಳ ಬಾಯಿಯನ್ನು ಉಜ್ಜಿ ನಯಗೊಳಿಸಿದ ಗುಳಿಗಳನ್ನು ಅಲ್ಲಿಯ ಬಂಡೆಗಳ ಮೇಲೆ ಇಂದಿಗೂ ನೋಡಬಹುದು. ಫುಟ್ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಎಳುಂಬೂರಿನ ಆ ವಸ್ತುಸಂಗ್ರಹಾಲಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಈ ಕಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ, ಒಬ್ಬ ಮನುಷ್ಯನ ಬಿಡುವಿನ ವೇಳೆಯಿಂದ ಒಂದು ಶಾಸ್ತ್ರವೇ ಹೇಗೆ ಮೊದಲಾಯಿತೆಂಬುದು ಮನಸ್ಸಿಗೆ ಬರುತ್ತದೆ.

ಹೆಸರುಗಳ ನೆಂಟಸ್ತಿಕೆ

ಕಲ್ಲಿನ ಉಪಕರಣಗಳಿಗೆ ಅವುಗಳನ್ನು ಮಾಡಿದವರು ಇಟ್ಟ ಹೆಸರು ಅಳಿದುಹೋಯಿತು. ಕಬ್ಬಿಣದ ಉಪಕರಣಗಳ ಹೆಸರುಗಳಾದರೋ ನಮ್ಮ ನಾಲಗೆಯ ಮೇಲೆಯೇ ಇವೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮಗೆ ಈ ಹೆಸರುಗಳು ಒಂದು ಸೊಗಸಾದ ಪಾಠವನ್ನು ಕಲಿಸುತ್ತವೆ.

ಕನ್ನಡದ ಉಳಿ ತಮಿಳಿನಲ್ಲಿಯೂ ಉಳಿಯೇ. ನಮ್ಮ ಸುತ್ತಿಗೆ ಅವರ ಸುತ್ತಿಯಲ್; ನಮ್ಮ ಕೊಡಲಿ ಅವರ ಕೋಡಾಲಿ; ನಮ್ಮ ಅರ ಅವರ ಅರಂ. ಸಾಣೆಯು ಸಾಣೈ ಆಗುತ್ತದೆ; ಮೂಲೆಮಟ್ಟವು ಮೂಲೈಮಟ್ಟಂ ಆಗುತ್ತದೆ; ಗಾರೆ ಕೆಲಸದವರ ರಸಮಟ್ಟವು ರಸಮಟ್ಟಂ ಆಗುತ್ತದೆ. ಮರವನ್ನು ಚೆಕ್ಕುವ ಬಾಚಿಯು ತಮಿಳಿನಲ್ಲಿ ವಾಚ್ಚಿ. ಇಲ್ಲಿ ಕನ್ನಡದ ಬಕಾರಕ್ಕೆ ತಮಿಳಿನಲ್ಲಿ ವಕಾರ ಬಂದಿರುವುದನ್ನು ಗಮನಿಸಬೇಕು. ಬೆಳ್ಳಿ ಎಂಬುದಕ್ಕೆ ವೆಳ್ಳಿ, ಬಿತ್ತು ಎಂಬುದಕ್ಕೆ ವಿತ್ತು ಎಂಬ ಮಾತುಗಳಲ್ಲಿಯೂ ಇದೇ ನಿಯಮವನ್ನು ಕಾಣುತ್ತೇವೆ. ವ್ಯಾಕರಣ ಪುಸ್ತಕದಲ್ಲಿ ಓದಿ ಮರೆಯುವ ಸೂತ್ರವನ್ನು ಬಡಗಿಯ ಪೆಟ್ಟಿಗೆಯಲ್ಲಿ ಕೈಯಾರೆ ಮುಟ್ಟಿ ಕಲಿಯಬಹುದು.

ಎಲ್ಲ ಹೆಸರುಗಳೂ ಹೀಗೆ ಹೊಂದುವುದಿಲ್ಲ. ನಮ್ಮ ಗರಗಸಕ್ಕೆ ಅವರಲ್ಲಿ ರಂಪಂ ಎಂಬ ಬೇರೆಯೇ ಹೆಸರು. ತೂತು ಕೊರೆಯುವ ನಮ್ಮ ಬೈರಿಗೆಗೆ ತುರಪ್ಪಣಂ ಎಂದು ಹೆಸರು. ನಾವು ಬಡಗಿ ಎನ್ನುವವರನ್ನು ಅವರು ತಚ್ಚನ್ ಎನ್ನುತ್ತಾರೆ. ಮರವನ್ನು ನಯಗೊಳಿಸುವ ಸಾಧನಕ್ಕೆ ಕನ್ನಡದಲ್ಲಿಯೇ ಎರಡು ಹೆಸರುಗಳುಂಟು: ಕೆಲವರಿಗೆ ಅದು ಉಜ್ಜುಗೊರಡು, ಕರಾವಳಿಯವರಿಗೆ ಕೀಸುಳಿ, ತಮಿಳರಿಗೆ ಇಳೈಪ್ಪುಳಿ. ಕೀಸುಳಿ, ಇಳೈಪ್ಪುಳಿ ಎರಡರ ಕೊನೆಯಲ್ಲಿಯೂ ಉಳಿ ಎಂಬ ಮಾತು ಕುಳಿತಿದೆ. ಕೊರಡಿನೊಳಗೆ ಸಿಕ್ಕಿಸಿದ ಉಳಿಯೇ ಆ ಸಾಧನವೆಂಬ ಸತ್ಯವನ್ನು ಎರಡು ಭಾಷೆಗಳೂ ಮರೆತಿಲ್ಲ.

ಉಪಕರಣಕ್ಕೆ ನಮ್ಮ ಕಡೆಯ ಕೆಲಸಗಾರರು ಹತ್ಯಾರು ಎಂತಲೂ ಆಯುಧ ಎಂತಲೂ ಹೇಳುವರು. ಯುದ್ಧದ ಕತ್ತಿಗೂ ಬಡಗಿಯ ಉಳಿಗೂ ಒಂದೇ ಮಾತು. ನವರಾತ್ರಿಯ ಆಯುಧಪೂಜೆಯಲ್ಲಿ ಅರಮನೆಯ ಖಡ್ಗಕ್ಕೆ ಸಲ್ಲುವ ಹೂವು ಬೀದಿಯ ಮೂಲೆಯ ಸೈಕಲ್ ರಿಪೇರಿಯವನ ಸ್ಪಾನರಿಗೂ ಸಲ್ಲುವುದು ಇದರಿಂದಲೇ. ತಮಿಳುನಾಡಿನಲ್ಲಿ ಮಹಾನವಮಿಯ ದಿನವೇ ಸರಸ್ವತೀ ಪೂಜೆಯೂ ಆಯುಧಪೂಜೆಯೂ ಕೂಡಿ ನಡೆಯುತ್ತವೆ. ಅಂದು ಮಕ್ಕಳ ಪುಸ್ತಕಗಳೂ ದೊಡ್ಡವರ ಉಪಕರಣಗಳೂ ಒಂದೇ ಮಣೆಯ ಮೇಲೆ ವಿಶ್ರಾಂತಿ ಪಡೆಯುತ್ತವೆ. ಓದುವ ವಿದ್ಯೆಯೂ ಮಾಡುವ ವಿದ್ಯೆಯೂ ಸಮಾನವೆಂದು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ವರ್ಷದ ಉಳಿದ ದಿನಗಳಲ್ಲಿ ನಾವು ಅದನ್ನು ನೆನಪಿಟ್ಟುಕೊಳ್ಳುತ್ತೇವೆಯೇ ಎಂಬುದು ಬೇರೆ ಮಾತು.

ಹದ ಎಂಬ ಮಾತು

ಉಪಕರಣಗಳ ಲೋಕದಿಂದ ಕನ್ನಡಕ್ಕೆ ದೊರೆತಿರುವ ಮಾತುಗಳಲ್ಲಿ ಹದ ಎಂಬುದಕ್ಕೆ ನಾವು ಮೊದಲ ಸ್ಥಾನವನ್ನು ಕೊಡುತ್ತೇವೆ. ಇದೇ ತಮಿಳಿನಲ್ಲಿ ಪದಂ. ಪಾಲ್ ಎಂಬುದು ಕನ್ನಡದಲ್ಲಿ ಹಾಲಾದಂತೆ ಪದವೂ ಹದವಾಯಿತು. ಮಣ್ಣಿಗೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಮಾತಿಗೂ ಹದವುಂಟು. ಕಮ್ಮಾರನ ಕೈಯಲ್ಲಿ ಹದವೆಂದರೆ ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿನಲ್ಲಿ ಅದ್ದಿದರೆ ಅದು ಬಹಳ ಗಟ್ಟಿಯಾಗುತ್ತದೆ. ಅದರೊಡನೆಯೇ ಗಾಜಿನಂತೆ ಪೆಡಸಾಗುತ್ತದೆ. ಅಂತಹ ಉಳಿಯನ್ನು ಕೊಡತಿಯಿಂದ ಹೊಡೆದರೆ ಬಾಯಿ ಮುರಿದುಹೋಗುವುದು. ಆದುದರಿಂದ ಕಮ್ಮಾರನು ಅದನ್ನು ಉಜ್ಜಿ ಹೊಳಪು ಬರಿಸಿ, ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಆಗ ಲೋಹದ ಮೇಲೆ ಬಣ್ಣಗಳು ಒಂದರ ಹಿಂದೆ ಒಂದರಂತೆ ಹರಿದು ಬರುತ್ತವೆ. ಸುಮಾರು 230 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಹುಲ್ಲಿನ ತಿಳಿಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, 300 ಡಿಗ್ರಿಯ ಸುತ್ತಮುತ್ತ ನೀಲಿ. ಗಾಳಿಯ ಆಮ್ಲಜನಕವು ಕಾದ ಉಕ್ಕಿನೊಡನೆ ಕೂಡಿ ಉಂಟಾಗುವ ಅತಿ ತೆಳುವಾದ ಪದರವೇ ಈ ಬಣ್ಣಗಳಿಗೆ ಕಾರಣ. ಹರಿತವು ಬಹಳ ಕಾಲ ನಿಲ್ಲಬೇಕಾದ ಉಳಿಯನ್ನು ಹಳದಿಯಲ್ಲಿಯೇ ನಿಲ್ಲಿಸಿ ತಣಿಸಬೇಕು; ತಿರುಚುವ ಬಲವನ್ನು ತಡೆಯಬೇಕಾದ ತಿರುಪುಳಿಯನ್ನು ನೀಲಿಯವರೆಗೆ ಬಿಡಬೇಕು. ಒಂದು ಕ್ಷಣ ತಡವಾದರೆ ಹದ ತಪ್ಪುತ್ತದೆ. ಶಾಖಮಾಪಕವಿಲ್ಲದ ಕುಲುಮೆಯಲ್ಲಿ ಕಣ್ಣೇ ಮಾಪಕ. ಈ ಜ್ಞಾನವನ್ನು ನಾವು ಇಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆದುಬಿಟ್ಟೆವು. ಅದು ಕಣ್ಣಿಗೂ ಕೈಗೂ ಇಳಿಯಲು ವರ್ಷಗಳು ಬೇಕು.

ಉಕ್ಕು ಎಂಬ ಮಾತಿಗೂ ಒಂದು ಇತಿಹಾಸವುಂಟು. ಪಾಶ್ಚಾತ್ಯರು ವೂಟ್ಸ್ ಎಂದು ಕರೆದ ಪ್ರಸಿದ್ಧ ಲೋಹದ ಹೆಸರು ನಮ್ಮ ಉಕ್ಕು ಎಂಬ ಪದದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುವರು. 1800ರ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದರು. 1807ರಲ್ಲಿ ಅಚ್ಚಾದ ಅವರ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಕುಲುಮೆಗಳ ವರ್ಣನೆಯಿದೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಎಲೆ ಮುಚ್ಚಿ, ಬಾಯಿಯನ್ನು ಮೆತ್ತಿ, ತಿದಿಯೂದಿ ಕಾಯಿಸುತ್ತಿದ್ದರು. ಕಡ್ಡಿಯಲ್ಲಿದ್ದ ಇಂಗಾಲವು ಕಬ್ಬಿಣವನ್ನು ಸೇರಿ ಅದು ಉಕ್ಕಾಗುತ್ತಿತ್ತು. ಈ ಉಕ್ಕಿನ ಗುಟ್ಟನ್ನು ತಿಳಿಯಲು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೇ 1819ರಲ್ಲಿ ಅದರ ಪರೀಕ್ಷೆಗೆ ತೊಡಗಿದರು. ಆದರೆ ನಮ್ಮ ನಾಡಿನಲ್ಲಿ ಆ ಮೂಸೆಗಳು ಮುಂದಿನ ನೂರು ವರ್ಷಗಳಲ್ಲಿ ಆರಿಹೋದುವು. ಹೊರಗಿನಿಂದ ಅಗ್ಗದ ಉಕ್ಕು ಬಂದುದು ಒಂದು ಕಾರಣ. ಬಲ್ಲವರ ಕೈಯಲ್ಲಿದ್ದುದು ಬರೆಹಕ್ಕೆ ಇಳಿಯದೆ ಹೋದುದು ಆ ನಷ್ಟವನ್ನು ಪೂರ್ಣಗೊಳಿಸಿತು. ಪರದೇಶದ ಪ್ರವಾಸಿ ಬರೆದಿಟ್ಟಷ್ಟೇ ಇಂದು ನಮಗೆ ಆಧಾರವಾಗಬೇಕಾಗಿ ಬಂದಿರುವುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಒಂದು ಪೆಟ್ಟಿಗೆಯ ವೃತ್ತಾಂತ

ಉಪಕರಣವು ಕಸುಬಿನ ಜ್ಞಾನವನ್ನು ಮಾತ್ರವಲ್ಲದೆ ಮನುಷ್ಯರ ನೆನಪನ್ನೂ ಕಾಪಾಡುತ್ತದೆ. ನಮಗೆ ತಿಳಿದ ಮನೆಯೊಂದರ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಬಳ್ಳಾರಿ ಜಿಲ್ಲೆಯು 1953ರವರೆಗೂ ದಕ್ಷಿಣ ಕನ್ನಡವು 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುವು. ಓದಿಗೂ ನೌಕರಿಗೂ ವ್ಯಾಪಾರಕ್ಕೂ ಅಲ್ಲಿಯವರು ಈ ರಾಜಧಾನಿಗೆ ಬರುತ್ತಿದ್ದುದು ಸಹಜ. ಹಾಗೆ ಬಂದು ಗುಮಾಸ್ತರಾಗಿದ್ದ ಹಿರಿಯರೊಬ್ಬರು ಸಂಜೆಯ ಹೊತ್ತು ಮರಗೆಲಸದ ಹವ್ಯಾಸವನ್ನು ಇಟ್ಟುಕೊಂಡಿದ್ದರು. ನೆರೆಯಲ್ಲಿದ್ದ ತಮಿಳು ಆಚಾರಿಯೊಬ್ಬರು ಅವರಿಗೆ ಗುರುಗಳು. ಅವರು ಕಾಲವಾಗಿ ಬಹು ವರ್ಷಗಳಾದ ಮೇಲೆ ಮೊಮ್ಮಗಳು ಪೆಟ್ಟಿಗೆಯನ್ನು ತೆರೆದಳು. ಹಾರ್ಲಿಕ್ಸ್ ಶೀಸೆಯಲ್ಲಿ ಅಳತೆಗೆ ತಕ್ಕಂತೆ ಬೇರ್ಪಡಿಸಿದ ತಿರುಪು ಮೊಳೆಗಳು, ಗರಗಸಕ್ಕೆ ಸವರುವ ಮೇಣದ ತುಂಡು, ಬೆರಳುದ್ದದ ಪೆನ್ಸಿಲು, ಮಸೆದು ಮಸೆದು ಅರ್ಧಕ್ಕೆ ಇಳಿದ ಒಂದು ಉಳಿ, ಒಂದು ಗರಗಸ ಇಷ್ಟು ಅದರಲ್ಲಿದ್ದುವು.

ಗರಗಸದ ಮರದ ಹಿಡಿಯು ಹೆಬ್ಬೆರಳು ಒತ್ತುವ ಕಡೆ ಸವೆದು ಗುಳಿಬಿದ್ದಿತ್ತು. ಆಕೆ ಅದನ್ನು ಬಲಗೈಯಲ್ಲಿ ಹಿಡಿದು ನೋಡಿದಳು. ಗುಳಿ ಬೆರಳಿಗೆ ಸಿಕ್ಕಲಿಲ್ಲ. ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳು ತಾನಾಗಿಯೇ ಅದರಲ್ಲಿ ಹೋಗಿ ಕುಳಿತಿತು. ಆಕೆಯೂ ಎಡಚಿ. ಮನೆಯಲ್ಲಿದ್ದ ಅಜ್ಜನ ಕಾಗದಪತ್ರಗಳೆಲ್ಲವೂ ಬಲಗೈಯ ಬರೆವಣಿಗೆ. ಎಡಗೈಯಲ್ಲಿ ಬರೆಯುವ ಮಕ್ಕಳ ಕೈಗೆ ಪೆಟ್ಟು ಕೊಟ್ಟು ಬಲಗೈಯಲ್ಲಿ ಬರೆಯಿಸುತ್ತಿದ್ದ ಕಾಲವದು. ಅವರು ಎಡಚರಾಗಿದ್ದರೆಂಬುದನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಭಾವಚಿತ್ರವೂ ಹೇಳಿರಲಿಲ್ಲ. ಆ ಗರಗಸವೊಂದು ಮಾತ್ರ ಅದನ್ನು ಬಲ್ಲುದಾಗಿತ್ತು. ಕಚೇರಿಯಲ್ಲಿ ಬಲಗೈಯಿಂದ ದುಡಿದವರು ಸಂಜೆ ತಮ್ಮ ಇಷ್ಟದ ಕೆಲಸಕ್ಕೆ ಕುಳಿತಾಗ ತಮ್ಮ ಕೈಯನ್ನೇ ಬಳಸಿದ್ದರು. ಅಟ್ಟದ ಪೆಟ್ಟಿಗೆಯೊಡನೆ ಮನೆಯಿಂದ ಹೊರಗೆ ಹೋಗುವುದೇನೆಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ನಗರದ ಕಾರ್ಯಾಗಾರಗಳು

ಒಂದು ಮನೆಯ ಮಾತು ಹೀಗಾದರೆ, ಇಡೀ ನಗರಕ್ಕೂ ಇಂತಹ ನೆನಪುಗಳುಂಟು. 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರು ಮದರಾಸಿನಲ್ಲಿ ಒಂದು ಕಲಾಶಾಲೆಯನ್ನು ತೆರೆದರು; ಮರುವರ್ಷವೇ ಅದಕ್ಕೆ ಕೈಗಾರಿಕೆಯ ಶಾಲೆಯನ್ನೂ ಸೇರಿಸಿದರು. ಅದೇ ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು. ಚಿತ್ರ ಬರೆಯುವ ಕುಂಚವೂ ಲೋಹ ಬಡಿಯುವ ಸುತ್ತಿಗೆಯೂ ಅಲ್ಲಿ ಒಂದೇ ಸೂರಿನ ಕೆಳಗಿದ್ದುವು. 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಅವರು ಅಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಹಿತ್ತಾಳೆ ತಾಮ್ರಗಳನ್ನು ಬಡಿದು ಪಳಗಿದ ಕೈಗಳು ಹೊಸ ಲೋಹದ ಹದವನ್ನು ಕಲಿತುವು. ಚಾಟರ್ಟನ್ ಅವರು ಮುಂದೆ ಮೈಸೂರು ಸಂಸ್ಥಾನಕ್ಕೆ ಹೋಗಿ ಅಲ್ಲಿಯ ಕೈಗಾರಿಕಾ ಇಲಾಖೆಯ ನಿರ್ದೇಶಕರಾದುದನ್ನು ಕನ್ನಡಿಗರಾದ ನಾವು ನೆನೆಯಬೇಕು.

ಇದೇ ಶಾಲೆಯನ್ನು 1929ರಿಂದ 1957ರವರೆಗೆ ನಡೆಸಿದವರು ಶಿಲ್ಪಿ ದೇವೀಪ್ರಸಾದ ರಾಯ್ ಚೌಧುರಿಯವರು. ಮರೀನಾ ಕಡಲ ತೀರದಲ್ಲಿ ದೊಡ್ಡ ಬಂಡೆಯೊಂದನ್ನು ಕದಲಿಸಲು ಹೆಣಗುತ್ತಿರುವ ನಾಲ್ವರು ಶ್ರಮಿಕರ ವಿಗ್ರಹವನ್ನು ನಾವೆಲ್ಲರೂ ನೋಡಿದ್ದೇವೆ. 1959ರಲ್ಲಿ ಅನಾವರಣಗೊಂಡ ಆ ಶ್ರಮದ ವಿಜಯವೆಂಬ ಪ್ರತಿಮೆ ಇವರ ಕೃತಿ. ಅರಸರಿಗೂ ಅಧಿಕಾರಿಗಳಿಗೂ ಮೀಸಲಾಗಿದ್ದ ಕಂಚು ಅಲ್ಲಿ ದುಡಿಯುವ ತೋಳುಗಳಿಗೆ ದೊರೆಯಿತು.

ಉತ್ತರದ ಕಡೆ ರಾಯಪುರಂ ನಿಲ್ದಾಣದಿಂದ 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಪೆರಂಬೂರಿನಲ್ಲಿ ರೈಲ್ವೆಯ ಕಾರ್ಯಾಗಾರಗಳು ಬೆಳೆದುವು. 1955ರ ಅಕ್ಟೋಬರ್ 2ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಅಲ್ಲಿ ಇಂಟಿಗ್ರಲ್ ಕೋಚ್ ಕಾರ್ಖಾನೆಯನ್ನು ಉದ್ಘಾಟಿಸಿದರು. 2002ರಲ್ಲಿ ಅದರ ಆವರಣದ ಬಳಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳೂ ಗಾಡಿಗಳೂ ಇವೆ. ಆದರೆ ಹಳೆಯ ವಸ್ತುಗಳೆಲ್ಲಕ್ಕೂ ಇಂತಹ ಭಾಗ್ಯವಿಲ್ಲ. ಸೆಂಟ್ರಲ್ ನಿಲ್ದಾಣದ ಪಕ್ಕದಲ್ಲಿದ್ದ ಮೂರ್ ಮಾರುಕಟ್ಟೆಯು ಹಳೆಯ ಪುಸ್ತಕಗಳಿಗೂ ಬಗೆಬಗೆಯ ಹಳೆಯ ಸಾಮಾನುಗಳಿಗೂ ಹೆಸರಾಗಿತ್ತು. ಹವ್ಯಾಸಿಗಳಿಗೆ ಅದು ತವರುಮನೆಯಂತಿತ್ತು. 1985ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

ಕಸುಬು ಮತ್ತು ಹವ್ಯಾಸ

ಇಲ್ಲಿ ಒಂದು ಕಠಿನವಾದ ವಿಷಯವನ್ನು ಮುಚ್ಚಿಡದೆ ಹೇಳಬೇಕಾಗಿದೆ. ಉಪಕರಣವನ್ನು ಹೊಗಳುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಬಹು ಕಾಲ ಉಪಕರಣವು ಹುಟ್ಟಿನೊಡನೆ ಬರುತ್ತಿತ್ತು. ಬಡಗಿಯ ಮಗನಿಗೆ ಉಳಿ, ಕಮ್ಮಾರನ ಮಗನಿಗೆ ಇಕ್ಕಳ, ಚಮ್ಮಾರನ ಮಗನಿಗೆ ರಂಪಿಗೆ ಎಂಬುದು ಕಟ್ಟಳೆಯಾಗಿತ್ತು. ಅವನಿಗೆ ಬೇರೆಯದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ; ಇತರರಿಗೆ ಅದನ್ನು ಮುಟ್ಟುವ ಮನಸ್ಸಿರಲಿಲ್ಲ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಗೆಲಸವನ್ನೇ ಶಿಕ್ಷಣದ ನಡುವೆ ಇಡಬೇಕೆಂಬ ಯೋಜನೆಯನ್ನು ದೇ

ಶದ ಮುಂದಿಟ್ಟರು. 1953ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ವೇಳೆಯನ್ನು ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಲೆಂದು ಒಂದು ಕ್ರಮವನ್ನು ತಂದರು. ತಂದೆಯ ಕಸುಬನ್ನೇ ಮಗನ ಪಾಠವಾಗಿಸಿದರೆ ಜಾತಿಯ ಕಟ್ಟು ಇನ್ನೂ ಬಿಗಿಯಾಗುವುದೆಂದು ನಾಡಿನಲ್ಲೆಲ್ಲ ಬಲವಾದ ವಿರೋಧವೆದ್ದಿತು. 1954ರಲ್ಲಿ ಕಾಮರಾಜರ ಸರ್ಕಾರವು ಅದನ್ನು ಕೈಬಿಟ್ಟಿತು. ವಿರೋಧಿಸಿದವರ ಮಾತಿನಲ್ಲಿ ನ್ಯಾಯವಿತ್ತೆಂಬುದು ನಮ್ಮ ಅಭಿಪ್ರಾಯ. ಕೈಗೆಲಸ ಕೀಳೆಂದು ಅವರು ಹೇಳಲಿಲ್ಲ. ಅದನ್ನು ಹುಟ್ಟಿನ ಮೇಲೆ ಹೇರುವುದು ಬೇಡವೆಂದರು.

ಹವ್ಯಾಸದ ಹಿರಿಮೆ ಇರುವುದು ಇಲ್ಲಿಯೇ. ಹವ್ಯಾಸಕ್ಕೆ ಕುಲವಿಲ್ಲ. ಗುಮಾಸ್ತರು ಮರಗೆಲಸ ಮಾಡಬಹುದು. ಬಡಗಿಯ ಮಗಳು ರೇಡಿಯೋ ಬಿಚ್ಚಿ ಜೋಡಿಸಬಹುದು. ಕೊಯಮತ್ತೂರಿನ ಜಿ. ಡಿ. ನಾಯುಡು (1893–1974) ಅವರು ಹೆಚ್ಚು ಶಾಲೆ ಓದಿದವರಲ್ಲ. ಇಂಗ್ಲಿಷ್ ಅಧಿಕಾರಿಯೊಬ್ಬರ ಮೋಟಾರು ಸೈಕಲ್ಲನ್ನು ಕಂಡು ಬೆರಗಾಗಿ, ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನು ಕೊಂಡು, ಬಿಚ್ಚಿ ಮತ್ತೆ ಜೋಡಿಸಿ ಯಂತ್ರಗಳ ಮರ್ಮವನ್ನು ಕಲಿತರು. 1937ರಲ್ಲಿ ನಮ್ಮ ದೇಶದಲ್ಲಿಯೇ ವಿದ್ಯುತ್ ಮೋಟಾರನ್ನು ತಯಾರಿಸಿದ ಕೀರ್ತಿಯಲ್ಲಿ ಅವರಿಗೂ ಪಾಲುಂಟು. ಅವರ ಕೈಗೆ ಸ್ಪಾನರನ್ನು ಕೊಟ್ಟುದು ಕುಲವಲ್ಲ, ಕುತೂಹಲ.

ಆದುದರಿಂದ ಉಪಕರಣವನ್ನು ಹುಟ್ಟಿನ ಹೊರೆಯಾಗಿ ಹೊರಬೇಕಾಗಿಲ್ಲ. ಹಳೆಯ ಕಬ್ಬಿಣವೆಂದು ಎಸೆಯಬೇಕಾಗಿಯೂ ಇಲ್ಲ. ಮನಸ್ಸಿಟ್ಟು ಕಲಿತ ಕೈಗೆ ಅದು ಸೇರಬೇಕು. ಹದವು ಪುಸ್ತಕದಿಂದ ಬರುವುದಿಲ್ಲ, ರಕ್ತದಿಂದಲೂ ಬರುವುದಿಲ್ಲ. ಬಲ್ಲವರ ಬಳಿ ನಿಂತು ಮಾಡಿದವರಿಗೆ ಮಾತ್ರ ಬರುತ್ತದೆ.

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಈ ಹವ್ಯಾಸವನ್ನು ಕೈಕೊಳ್ಳಲು ಹೆಚ್ಚು ಹಣ ಬೇಕಾಗಿಲ್ಲ. ಮನೆಯಲ್ಲಿ ಹಳೆಯ ಉಪಕರಣವಿದ್ದರೆ ಅದರಿಂದಲೇ ಮೊದಲು ಮಾಡಬಹುದು. ನಮ್ಮ ನಗರವು ಕಡಲ ತೀರದಲ್ಲಿರುವುದರಿಂದ ಗಾಳಿಯಲ್ಲಿ ಉಪ್ಪೂ ತೇವವೂ ಹೆಚ್ಚು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಬರುವಾಗ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಉಳಿಯನ್ನು ಹಿರಿಯರೊಬ್ಬರ ಎದುರಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ನಯವಾದ ಮರಳು ಕಾಗದದಿಂದ ಉಜ್ಜಬೇಕು. ಆಮೇಲೆ ಒಣಗಿದ ಬಟ್ಟೆಯಿಂದ ಒರಸಿ ಯಂತ್ರಕ್ಕೆ ಹಾಕುವ ತೆಳ್ಳನೆಯ ಎಣ್ಣೆಯನ್ನು ಸವರಬೇಕು. ಕೊಬ್ಬರಿ ಎಣ್ಣೆಯನ್ನು ಹಚ್ಚಿದರೆ ಕಾಲಕ್ರಮದಲ್ಲಿ ಅಂಟಾಗುತ್ತದೆ. ಮರದ ಹಿಡಿಯನ್ನು ಮಾತ್ರ ಹೊಸದರಂತೆ ಉಜ್ಜಬಾರದು; ಹಳೆಯ ಕೈಯ ಗುರುತು ಇರುವುದು ಅದರಲ್ಲಿಯೇ.

ಉಳಿಯ ಬಾಯಿಯನ್ನು ಸಾಣೆಯ ಮೇಲೆ ಸುಮಾರು 25 ಡಿಗ್ರಿ ಕೋನಕ್ಕೆ ತಂದು, ನಯವಾದ ಮಸೆಗಲ್ಲಿನ ಮೇಲೆ 30 ಡಿಗ್ರಿಗೆ ಕೊನೆಯ ಹರಿತವನ್ನು ಕೊಡುವುದು ವಾಡಿಕೆ. ಮೊಂಡು ಉಳಿ ಅಪಾಯವಿಲ್ಲದ್ದೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವವಾಗಿ ಮೊಂಡು ಉಳಿಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಹೆಚ್ಚು ಬಲ ಹಾಕಬೇಕು. ಹೆಚ್ಚು ಬಲ ಹಾಕಿದಾಗ ಅದು ಜಾರುತ್ತದೆ. ಕೆತ್ತುವಾಗ ಇನ್ನೊಂದು ಕೈ ಯಾವಾಗಲೂ ಉಳಿಯ ಬಾಯಿಯ ಹಿಂದೆಯೇ ಇರತಕ್ಕದ್ದು. ಗರಗಸದ ಹಲ್ಲುಗಳನ್ನು ಹತ್ತಿರದಿಂದ ನೋಡಿದರೆ ಅವು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿರುವುದು ಕಾಣುತ್ತದೆ. ಅಲಗಿಗಿಂತ ಅಗಲವಾದ ದಾರಿಯನ್ನು ಕೊಯ್ದುಕೊಳ್ಳುವುದರಿಂದಲೇ ಗರಗಸವು ಮರದಲ್ಲಿ ಸಿಕ್ಕಿಕೊಳ್ಳದೆ ಓಡಾಡುತ್ತದೆ. ಇಂತಹ ಒಂದೊಂದು ಸಂಗತಿಯನ್ನೂ ಕಣ್ಣಾರೆ ಕಂಡು, ಏಕೆಂದು ಕೇಳಿ ತಿಳಿಯುವುದೇ ನಿಜವಾದ ವಿದ್ಯಾಭ್ಯಾಸ.

ಕಡೆಯದಾಗಿ ಒಂದು ಮಾತು. ಪ್ರತಿಯೊಂದು ಉಪಕರಣಕ್ಕೂ ನೋಟುಪುಸ್ತಕದ ಒಂದು ಪುಟವನ್ನು ಮೀಸಲಿಡಿರಿ. ಅದರ ಕನ್ನಡದ ಹೆಸರೇನು, ತಮಿಳಿನ ಹೆಸರೇನು, ಯಾರು ಬಳಸುತ್ತಿದ್ದರು, ಅದರಿಂದ ಏನನ್ನು ಮಾಡಿದರು, ಹಿಡಿಯು ಎಲ್ಲಿ ಸವೆದಿದೆ, ಅದನ್ನು ಹದವಾಗಿ ಬಳಸಬಲ್ಲವರು ಈಗ ಯಾರಿದ್ದಾರೆ ಎಂಬ ಆರು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿರಿ. ಮೊದಲ ಐದಕ್ಕೆ ನಿಧಾನವಾಗಿಯಾದರೂ ಉತ್ತರ ದೊರೆಯಬಹುದು. ಆರನೆಯದನ್ನು ಮಾತ್ರ ಮುಂದಕ್ಕೆ ಹಾಕಬೇಡಿರಿ; ಆ ಹಿರಿಯರು ಇರುವಾಗಲೇ, ಈ ರಜೆಯಲ್ಲಿಯೇ, ಅವರ ಮನೆಗೆ ಹೋಗಿ ಪಕ್ಕದಲ್ಲಿ ಕುಳಿತು ಕಲಿಯಿರಿ.